ಫೆಲಿಸಾ ಹೊಲಿದ ಮೂಟೆಗಳು

ಸಮಾರ್ ತೀರದಿಂದ ದೋಣಿಯಲ್ಲಿ ಒಂದು ಗಂಟೆ ದೂರದ ಬಲಾವನ್ ದ್ವೀಪದಲ್ಲಿ ಫೆಲಿಸಾ ಅಬಾಯ್ಗಾರಳನ್ನು ಎಲ್ಲರೂ ಕಸದ ಫೆಲಿಸಾ ಎಂದೇ ಕರೆಯುತ್ತಿದ್ದರು. ಅದಕ್ಕವಳಿಗೆ ಬೇಸರವಿರಲಿಲ್ಲ. ಗಂಡ ಬದುಕಿದ್ದಾಗ ಅವನ ಬಲೆಗೆ ಮೀನಿಗಿಂತ ಹೆಚ್ಚಾಗಿ ಶಾಂಪೂ, ಕಾಫಿ, ಸೋಪಿನ ಪುಡಿಯ ಖಾಲಿ ಸ್ಯಾಶೆಗಳು ಬೀಳುವುದನ್ನು ನೋಡಿ ನೋಡಿ ರೋಸಿಹೋಗಿದ್ದಳು. ಅವನು ತೀರಿಕೊಂಡ ವರ್ಷ ನಗರದ ಒಂದು ಸಂಸ್ಥೆಯವರು ಬಂದರು. ದಂಡೆಯ ಪ್ಲಾಸ್ಟಿಕ್ ಆರಿಸಿ ಕೊಟ್ಟರೆ ಅಕ್ಕಿ ಕೊಡುತ್ತೇವೆ, ಅದನ್ನು ಕರಗಿಸಿ ಶಾಲೆಗಳಿಗೆ ಬೆಂಚು ಮಾಡಿಸುತ್ತೇವೆ ಎಂದರು. ಮೊದಲು ಎದ್ದು ನಿಂತವಳು ಫೆಲಿಸಾ.

ನಾಲ್ಕು ವರ್ಷ ಅವಳು ಹತ್ತು ಹೆಂಗಸರನ್ನು ಕಟ್ಟಿಕೊಂಡು ದಂಡೆ ಗುಡಿಸಿದಳು. ಉಳಿದವರು ಆರಿಸಿದ್ದನ್ನು ಹಾಗೇ ತುಂಬುತ್ತಿದ್ದರೆ ಇವಳು ಪ್ರತಿಯೊಂದು ಸ್ಯಾಶೆಯನ್ನೂ ತೊಳೆದು, ಚಾಪೆಯ ಮೇಲೆ ಒಣಗಿಸಿ, ಹಂದಿ ಮೇವಿನ ಚೀಲಗಳಲ್ಲಿ ಅದುಮಿ ತುಂಬಿ, ಗಂಡನ ಹಳೇ ಬಲೆಯ ನೀಲಿ ದಾರದಿಂದ ಬಾಯಿ ಹೊಲಿಯುತ್ತಿದ್ದಳು. ಮಕ್ಕಳು ಕೂರುವ ಬೆಂಚು, ಗಬ್ಬು ವಾಸನೆ ಬರಬಾರದು ಎನ್ನುವುದು ಅವಳ ವಾದ. ಗುರುವಾರ ಗುರುವಾರ ಮೂಟೆಗಳನ್ನು ಆಚೆ ದಡಕ್ಕೆ ಸಾಗಿಸುತ್ತಿದ್ದವನು ಮೈದುನ ಕುಲಾಸ್. ತನ್ನ ಕೈಯಾರೆ ಬೆಳೆಸಿದ ಹುಡುಗನೆಂದು ಅವಳು ಅವನನ್ನು ಒಂದು ಮಾತೂ ಕೇಳಿದವಳಲ್ಲ.

ನಾಲ್ಕನೆಯ ವರ್ಷದ ನವೆಂಬರಿನಲ್ಲಿ ಗಾಳಿ ಈಶಾನ್ಯಕ್ಕೆ ತಿರುಗಿತು. ಸಾರು ಮಾಡಲು ಚಿಪ್ಪುಮೀನು ಆರಿಸಲೆಂದು ಫೆಲಿಸಾ ದ್ವೀಪದ ಬೆನ್ನಿಗೆ, ಯಾರೂ ಹೋಗದ ಬಂಡೆಗಳ ಕಡೆ ಹೋದಳು. ಅಲ್ಲಿ ಬಂಡೆಗಳ ಸಂದಿಯಲ್ಲಿ ಮೂಟೆಗಳು ಸಿಕ್ಕಿಕೊಂಡಿದ್ದವು. ಕೆಲವು ಹರಿದು, ಸ್ಯಾಶೆಗಳು ಅಲೆಯ ಜೊತೆ ಹೋಗಿ ಬರುತ್ತಿದ್ದವು. ಮೊದಲು ಬೇರೆ ಊರಿನ ಕಸವೆಂದುಕೊಂಡಳು. ಆಮೇಲೆ ನೀಲಿ ದಾರ ಕಂಡಿತು. ಒಂದನ್ನು ಎಳೆದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ತನ್ನದೇ ಹೊಲಿಗೆ. ಚಿಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಒಂದು ಹರಿದ ಚೀಲ ಹಿಡಿದು ನಡೆದಳು.

ಕುಲಾಸ್ ದೋಣಿಯನ್ನು ದಡಕ್ಕೆಳೆದು ಅಡಿಯ ಪಾಚಿ ಕೆರೆಯುತ್ತಿದ್ದ. ಅವಳ ಕೈಯಲ್ಲಿದ್ದ ಚೀಲ ನೋಡಿದ. ಸುಳ್ಳು ಹೇಳಲು ಹೋಗಲಿಲ್ಲ.

"ಆಚೆ ಗೋಡೌನ್ ತುಂಬಿ ಎರಡು ವರ್ಷ ಆಯ್ತು, ಅತ್ತಿಗೆ. ಬೆಂಚು ಗಿಂಚು ಏನೂ ಇಲ್ಲ. ಸಂಸ್ಥೆಯವ್ರು ಫೋಟೋ ತಕ್ಕೊಂಡು, ಸಹಿ ಹಾಕಿ, ಇದನ್ನ ಎಲ್ಲಾದ್ರೂ ಹಾಕು ಅಂತಾರೆ. ಎಲ್ಲಿ ಹಾಕ್ಲಿ?"

"ನನಗೊಂದು ಮಾತು ಹೇಳ್ಬಹುದಿತ್ತಲ್ಲೋ."

"ಹೇಗೆ ಹೇಳ್ಲಿ? ನೀನು ಅದನ್ನ ಕೂಸಿನ ಬಟ್ಟೆ ಥರ ತೊಳೀತಾ ಕೂತಿರ್ತಿದ್ದೆ."

ಅವಳಿಗೆ ಕೂಗಾಡಬೇಕೆನಿಸಲಿಲ್ಲ. ನೇರ ಪಿಲಾರಳ ಅಂಗಡಿಗೆ ಹೋಗಿ ಕುಳಿತಳು. ಪಿಲಾರ್ ಫೆಲಿಸಾಳ ಮಗಳ ಜ್ಞಾನಸ್ನಾನಕ್ಕೆ ಧರ್ಮಮಾತೆಯಾಗಿ ನಿಂತವಳು, ಆ ನಂಟಿನಿಂದ ಅವಳನ್ನು ‘ಕುಮಾರೆ’ ಎಂದು ಕರೆಯುವವಳು, ಮೂವತ್ತು ವರ್ಷದಿಂದ ಗೆಳತಿ. ಎಲ್ಲವನ್ನೂ ಕೇಳಿದ ಪಿಲಾರ್ ತಲೆ ತಗ್ಗಿಸಿ ಗಾಜಿನ ಭರಣಿ ಒರೆಸತೊಡಗಿದಳು.

"ನಿನಗೂ ಗೊತ್ತಿತ್ತಾ?" ಎಂದಳು ಫೆಲಿಸಾ.

"ಯಾರಿಗ್ ಗೊತ್ತಿಲ್ಲ ಕುಮಾರೆ? ಅಕ್ಕಿ ಬರ್ತಿತ್ತಲ್ಲ, ಅಂತ ಸುಮ್ನಿದ್ವಿ."

ಕುಲಾಸ್ ಮೂಟೆಗಳನ್ನು ಕಡಲಿಗೆ ಎಸೆದದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ಸುಟ್ಟಿತು. ತನ್ನ ಜೊತೆ ಬಗ್ಗಿ ಬಗ್ಗಿ ಕಸ ಆರಿಸಿದ ಹತ್ತು ಹೆಂಗಸರೂ, ಅದು ಎಲ್ಲಿಗೆ ಹೋಗುತ್ತದೆಂದು ತಿಳಿದೇ ಆರಿಸಿದ್ದರು.

ಎರಡು ದಿನ ಒಬ್ಬಳೇ ಹದಿನಾಲ್ಕು ಮೂಟೆಗಳನ್ನು ಹೊತ್ತು ತಂದು ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಪೇರಿಸಿದಳು. ಭಾನುವಾರ ಪೂಜೆಗೆ ಬಂದವರೆಲ್ಲ ಸುತ್ತು ಹಾಕಿ ಒಳಗೆ ಹೋಗಬೇಕಾಯಿತು. ಪಾದ್ರಿಗಳು ಕೇಳಿದಾಗ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಸಂಸ್ಥೆಗೆ ಫೋನು ಹೋಯಿತು. ವಿಚಾರಿಸುತ್ತೇವೆ ಎಂದರು, ಯಾರೂ ಬರಲಿಲ್ಲ. ಮರುತಿಂಗಳು ಅಕ್ಕಿ ನಿಂತಿತು. ಫೆಲಿಸಾಳ ಬಾಯಿಂದಾಗಿ ಮನೆಮನೆಯ ಅನ್ನಕ್ಕೆ ಕಲ್ಲು ಬಿತ್ತೆಂದು ಆ ಹೆಂಗಸರೇ ಬಾವಿಯ ಬಳಿ ಆಡಿಕೊಂಡರು. ಅವಳು ಬೇರೆ ಹೊತ್ತಿನಲ್ಲಿ ನೀರಿಗೆ ಹೋಗತೊಡಗಿದಳು.

ಆದರೂ ಕಡಲು ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಆರಿಸುವುದಕ್ಕೆ ಕೊನೆಯಿಲ್ಲ, ಸ್ಯಾಶೆ ಅಂಗಡಿಗೆ ಬರುವುದನ್ನೇ ತಡೆಯಬೇಕು ಎಂದು ಅವಳಿಗೆ ಅರಿವಾಗಿತ್ತು. ಒಂದು ಬೆಳಿಗ್ಗೆ ಪಿಲಾರಳ ಅಂಗಡಿಗೆ ಹೋಗಿ, ಕುಶಲವನ್ನೂ ಕೇಳದೆ, ಶಾಂಪೂ, ಎಣ್ಣೆ, ವಿನೆಗರ್‌ಗಳನ್ನು ಡ್ರಮ್ಮಿನಲ್ಲಿ ತರಿಸು, ಜನ ಮನೆಯಿಂದ ಬಾಟಲಿ ತರಲಿ, ಒಂದು ಚಮಚದಷ್ಟಾದರೂ ಅಳೆದು ಕೊಡು ಎಂದಳು. ಪಿಲಾರ್ ನಾಚಿಕೆಯಿಂದಲೋ ಏನೋ ಒಪ್ಪಿದಳು. ವರ್ಷ ಕಳೆಯುವಷ್ಟರಲ್ಲಿ ದ್ವೀಪದ ಏಳು ಅಂಗಡಿಗಳಲ್ಲಿ ಮೂರು ಹಾಗೆ ಮಾರತೊಡಗಿದವು. ಉಳಿದ ನಾಲ್ಕರಲ್ಲಿ ಸ್ಯಾಶೆಯ ಸರಗಳು ಈಗಲೂ ತೂಗುತ್ತವೆ. ಪಿಲಾರಳೊಡನೆ ಅವಳ ಮಾತು ಡ್ರಮ್ಮು, ಬಾಟಲಿಗಳಷ್ಟಕ್ಕೇ ನಿಂತಿದೆ. ಕುಲಾಸನ ದೋಣಿ ಅವಳು ಮತ್ತೆ ಹತ್ತಲಿಲ್ಲ.

ಕಳೆದ ಬೇಸಿಗೆಯಲ್ಲಿ ಡ್ರಮ್ಮು ತರಲು ಆಚೆ ದಡಕ್ಕೆ ಹೋದಾಗ ಬಂದರಿನ ಗೋಡೆಯ ಮೇಲೆ ತನ್ನದೇ ಮುಖ ಕಂಡಳು. ಆಳೆತ್ತರದ ಪ್ಲಾಸ್ಟಿಕ್ ಬ್ಯಾನರು. ಮೂಟೆ ಹಿಡಿದು ನಗುತ್ತಿದ್ದಾಳೆ, ಕೆಳಗೆ ಸಂಸ್ಥೆಯ ಹೆಸರು, 'ಪ್ಲಾಸ್ಟಿಕ್‌ಮುಕ್ತ ಬಲಾವನ್'. ತೆಗೆಯಿರಿ ಎಂದು ಅಲ್ಲಿನ ಗುಮಾಸ್ತನಿಗೆ ಹೇಳಿದಳು. ಮೇಲಿನವರ ಪತ್ರ ಬೇಕು ಎಂದ.

"ಮುಖ ನಂದಪ್ಪ," ಎಂದು ಫೆಲಿಸಾ ಸ್ಟೂಲು ಎಳೆದುಕೊಂಡು ಹತ್ತಿದಳು. ನಾಲ್ಕೂ ಮೂಲೆಯ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಡ್ರಮ್ಮಿನ ಪಕ್ಕದಲ್ಲಿಟ್ಟುಕೊಂಡು ಊರಿಗೆ ತಂದಳು. ಹಂದಿಗೂಡಿನ ಮಾಡು ಸೋರುತ್ತಿತ್ತು, ಅಕ್ಷರದ ಮಗ್ಗುಲು ಕೆಳಗೆ ಮಾಡಿ ಅದಕ್ಕೆ ಹೊದಿಸಿದಳು.