ಎಣ್ಣೆ ಕಾಯಿಸದ ವರ್ಷ

ಹಬ್ಬಗಳು ಊರನ್ನು ಒಂದುಗೂಡಿಸುತ್ತವೆ ಎಂಬ ವಿಷಯದ ಮೇಲೆ ನಾನು ಮಂಗಳೂರಿನ ಕಾಲೇಜಿನಲ್ಲಿ ಎರಡು ಸಲ ಮಾತಾಡಿದ್ದೇನೆ. ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ. ಎರಡು ಸಲವೂ ಬಹುಮಾನ ನನಗೇ ಬಂತು. ಇದರಿಂದ ಹಬ್ಬದ ಬಗ್ಗೆ ಏನೂ ಸಾಬೀತಾಗುವುದಿಲ್ಲ, ತೀರ್ಪುಗಾರರ ಬಗ್ಗೆ ಸ್ವಲ್ಪ ಸಾಬೀತಾಗುತ್ತದೆ. ಸಣ್ಣ ಊರಿನ ಹಬ್ಬದ ಬೆಲೆ ಏನು ಎಂದು ಈಗ ಯಾರಾದರೂ ಕೇಳಿದರೆ ನಾನು ವೇದಿಕೆಯ ಮಾತು ಬಿಟ್ಟು ಬಂಟ್ವಾಳದ ನಮ್ಮ ಬೀದಿಯ ಒಂದು ದೀಪಾವಳಿಯನ್ನು ಹೇಳುತ್ತೇನೆ. ಆಗ ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದವು, ಬಸ್ಸಿನ ಕಂಡಕ್ಟರ್ ಮಾತ್ರ ಇನ್ನೂ ಆಣೆಯಲ್ಲೇ ಕೇಳುತ್ತಿದ್ದ.

ಆ ವರ್ಷ ಆಟಿ ತಿಂಗಳಲ್ಲಿ, ಜಡಿಮಳೆಗೆ ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಾಗ, ಅಪ್ಪ ಸ್ನಾನಕ್ಕೆಂದು ಹೊಳೆಗೆ ಹೋದವರು ಮತ್ತೆ ಬರಲಿಲ್ಲ. ಹೆಣ ಪಾಣೆಮಂಗಳೂರಿನ ಕೆಳಗೆ ಸಿಕ್ಕಿತು. ಹೊಳೆಯ ಮೆಟ್ಟಿಲಿನ ಮೇಲೆ ಅವರ ಮೈ ಒರೆಸುವ ಬೈರಾಸು ಅಚ್ಚುಕಟ್ಟಾಗಿ ಮಡಚಿಟ್ಟಿತ್ತು, ಅದರ ಮೇಲೆ ಸಾಬೂನು. ಊರು ಎರಡು ಪಕ್ಷವಾಯಿತು. ಆಟಿಯ ನೆರೆಯಲ್ಲಿ ಬುದ್ಧಿ ಇದ್ದವ ಹೊಳೆಗೆ ಇಳಿಯುತ್ತಾನಾ ಎಂದು ಒಂದು ಪಕ್ಷ. ಸಾಯಲು ಹೊರಟವ ಸಾಬೂನು ತೆಗೆದುಕೊಂಡು ಹೋಗುತ್ತಾನಾ ಎಂದು ಇನ್ನೊಂದು. ನಾನು ಎರಡೂ ಕಡೆಯಿಂದ ನನ್ನೊಳಗೇ ವಾದಿಸಿ ನೋಡಿದ್ದೇನೆ. ಅಪ್ಪ ಎಲ್ಲವನ್ನೂ ಮಡಚಿಡುವವರು, ತಾವು ದುಡಿಯುತ್ತಿದ್ದ ಅಕ್ಕಿ ಗಿರಣಿಯ ಖಾಲಿ ಗೋಣಿಯನ್ನು ಕೂಡ. ಆದ್ದರಿಂದ ಬೈರಾಸು ಸಾಕ್ಷಿಯಾಗುವುದಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು, ಒಂದೇ ಸಲ: ಕಾಲು ಜಾರಿದ್ದು.

ದೀಪಾವಳಿಗೆ ನಾವು ಪರ್ಬ ಎನ್ನುವುದು. ಸಾವಾದ ಮನೆಯಲ್ಲಿ ಆ ವರ್ಷದ ಪರ್ಬಕ್ಕೆ ಎಣ್ಣೆ ಕಾಯಿಸುವ ಹಾಗಿಲ್ಲ. ಬಾಣಲೆ ಕವುಚಿಯೇ ಇರಬೇಕು, ಬಚ್ಚಲ ಹಂಡೆಗೆ ಹಬ್ಬದ ಸ್ನಾನದ ಹಿಂಡಲೆಯ ಬಳ್ಳಿ ಸುತ್ತಬಾರದು. ಬದಲಿಗೆ ಬೀದಿಯ ಪ್ರತಿ ಮನೆಯವರೂ ತಮ್ಮಲ್ಲಿ ಮಾಡಿದ್ದರಲ್ಲಿ ಒಂದು ಪಾಲು ತಂದುಕೊಡುತ್ತಾರೆ. ತಂದವರು ಒಳಗೆ ಬಂದು ಕೂತು, ಹೋದವರ ಬಗ್ಗೆ ಒಂದೆರಡು ಒಳ್ಳೆಯ ಮಾತಾಡಿ ಏಳುತ್ತಾರೆ. ಆದರೆ ಕೆಟ್ಟ ಸಾವಿನ ಮನೆಗೆ, ಅಂದರೆ ತಾನಾಗಿ ಜೀವ ಕಳೆದುಕೊಂಡವರ ಮನೆಗೆ, ಈ ಪಾಲು ಹೋಗುವುದಿಲ್ಲ.

ಹೀಗೆ ಅಪ್ಪ ಹೇಗೆ ಸತ್ತರು ಎಂಬ ಪ್ರಶ್ನೆಯನ್ನು ಪೊಲೀಸರಲ್ಲ, ಪರ್ಬಕ್ಕೆ ಕರಿಯುವ ಸಿಹಿ ಸುಕ್ರುಂಡೆ ತೀರ್ಮಾನಿಸಬೇಕಾಗಿತ್ತು. ಸುಕ್ರುಂಡೆಗೂ ನದಿಯ ಸೆಳೆತಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಾನೂ ಕೇಳಿದೆ. ಅಮ್ಮ ಪರ್ಬದ ದಿನ ಬೆಳಕು ಹರಿಯುವ ಮೊದಲೇ ಮಿಂದು, ದೊಡ್ಡ ಹರಿವಾಣವನ್ನು ಹುಣಸೆಹುಳಿ ಹಾಕಿ ತಿಕ್ಕಿ ಜಗಲಿಯ ಬೆಂಚಿನ ಮೇಲಿಟ್ಟಳು. ಬಂದವರು ಕೂರಲೆಂದು ಚಾಪೆ ಹಾಸಿದಳು. ನನ್ನ ತಂಗಿಗೆ ತಲೆ ಬಾಚಿ, ಬಾಗಿಲ ಒಳಗೆ ಕೂರಿಸಿದಳು.

ಬೀದಿಯಿಡೀ ಎಣ್ಣೆಯ ವಾಸನೆ. ಎದುರು ಮನೆಯಲ್ಲಿ ಚಕ್ಕುಲಿ ಬೇಯುವ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು. ಬಿಸಿಲು ಅಂಗಳಕ್ಕೆ ಬಂತು, ಅಂಗಳ ದಾಟಿ ಜಗಲಿಗೆ ಬಂತು. ಯಾರೂ ಬರಲಿಲ್ಲ. ಅಮ್ಮ ಒಳಗೆ ಹೋಗಿ ಗಂಜಿ ಇಳಿಸಿ ಬಂದಳು, ಹರಿವಾಣದ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು, ಮತ್ತೆ ಕೂತಳು. ನನಗೆ ಹಬ್ಬದಲ್ಲಿ ನಂಬಿಕೆ ಇರಲಿಲ್ಲ. ಆದರೂ ಬೀದಿಯಲ್ಲಿ ಹೆಜ್ಜೆಯ ಸದ್ದಾದಾಗ ಎಲ್ಲರಿಗಿಂತ ಮೊದಲು ನಾನೇ ಕತ್ತು ಎತ್ತುತ್ತಿದ್ದೆ.

ಊಟದ ಹೊತ್ತಾದಾಗ ತಡೆಯಲಾರದೆ ಪಕ್ಕದ ಮನೆಗೆ ಹೋದೆ. ಅಲ್ಲಿಯ ಅಕ್ಕ ಅಮ್ಮನ ಜತೆ ವರ್ಷಗಟ್ಟಲೆ ಒಂದೇ ಬಾವಿಯಿಂದ ನೀರು ಸೇದಿದವಳು. ಜಗಳ ಕಾಯುವ ತಯಾರಿಯಲ್ಲೇ ಹೋಗಿದ್ದೆ. ಒಳಗೆ ಕಾಲಿಟ್ಟರೆ, ಮೇಜಿನ ಮೇಲೆ ಬಾಳೆಲೆ ಮುಚ್ಚಿದ ತಟ್ಟೆ. ಅವಳ ಸಣ್ಣ ಮಗ ಅದರ ಎದುರು ಕೂತು ಎಲೆಯ ಅಂಚು ಎತ್ತಿ ನೋಡುತ್ತಿದ್ದ. ಕೊಡಬೇಕಾದ ಪಾಲು ಮನೆ ದಾಟುವವರೆಗೆ ಮನೆಯವರು ಹಬ್ಬದ ತಿಂಡಿಯನ್ನು ಬಾಯಿಗೆ ಹಾಕುವ ಹಾಗಿಲ್ಲ.

"ಇದು ನಿಮ್ಮದೇ ಮಾರಾಯ," ಅಂದಳು ಅಕ್ಕ. "ಬೆಳಿಗ್ಗೆಯೇ ಕಟ್ಟಿಟ್ಟಾಗಿದೆ."

"ಮತ್ತೆ ತರ್ಲಿಕ್ಕೆ ಏನು, ಮುಹೂರ್ತ ಬೇಕಾ?"

"ಮಂಗಳೂರಲ್ಲಿ ಅಷ್ಟು ಭಾಷಣ ಮಾಡ್ತೀಯಂತೆ, ಇಷ್ಟೂ ಗೊತ್ತಿಲ್ವಾ? ಮೊದಲ ತಟ್ಟೆ ಹೆಂಗಸಿನ ತವರಿಂದ ಬರ್ಬೇಕು. ಅದರ ಹಿಂದೆ ನಾವು. ನಾನು ಮೊದಲು ಕಾಲಿಟ್ಟರೆ, ಅವಳಿಗೆ ತವರೇ ಇಲ್ಲ ಅಂತ ನಾನೇ ಸಾರಿದ ಹಾಗೆ ಆಗ್ತದೆ."

ಬೀದಿಯ ಎಲ್ಲ ಮನೆಗಳಲ್ಲೂ ಹೀಗೇ ತಟ್ಟೆ ಮುಚ್ಚಿಟ್ಟಿದ್ದಾರಂತೆ. ಯಾರಿಗೂ ನಮ್ಮ ಮೇಲೆ ದ್ವೇಷವಿರಲಿಲ್ಲ. ಅಮ್ಮನ ಮರ್ಯಾದೆ ಉಳಿಸಲೆಂದೇ ಅವರೆಲ್ಲ ಅಮ್ಮನನ್ನು ಖಾಲಿ ಹರಿವಾಣದ ಮುಂದೆ ಕೂರಿಸಿದ್ದರು. ಹಬ್ಬ ಜನರನ್ನು ಕಟ್ಟುತ್ತದೆ ಎನ್ನುವವರು ಸುಳ್ಳು ಹೇಳುವುದಿಲ್ಲ. ಅವತ್ತು ಕಣ್ಣಾರೆ ಕಂಡೆ, ಒಂದು ಬೀದಿಯನ್ನು ಅದು ಎಷ್ಟು ಗಟ್ಟಿಯಾಗಿ ಕಟ್ಟಿತ್ತೆಂದರೆ ಯಾರಿಗೂ ಕೈ ಎತ್ತಲಿಕ್ಕಾಗುತ್ತಿರಲಿಲ್ಲ.

ಅಮ್ಮನ ತವರೆಂದರೆ ಪುಂಜಾಲಕಟ್ಟೆಯಲ್ಲಿದ್ದ ಅವಳ ಅಣ್ಣ. ಅಮ್ಮನಿಗೆ ಹೇಳದೆ ಬೆಳ್ತಂಗಡಿ ಬಸ್ಸು ಹತ್ತಿದೆ.

ಮಾವ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಅತ್ತೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಗೋಡೆಯ ಬದಿಗೆ ಬಟ್ಟೆ ಕಟ್ಟಿದ ಪಾತ್ರೆಯೊಂದಿತ್ತು. ಅತ್ತೆ ಅದನ್ನು ನಿನ್ನೆಯೇ ಕಟ್ಟಿರಬೇಕು, ಗಂಟಿನ ಸುತ್ತ ಇರುವೆ ಹತ್ತಿತ್ತು.

ನಾನು ವಾದ ಶುರುಮಾಡಿದೆ. ನೋಡಿದವರಿಲ್ಲದ ಸಾವಿಗೆ ಕೆಟ್ಟ ಹೆಸರು ಕೊಡುವ ಅಧಿಕಾರ ಯಾರಿಗೂ ಇಲ್ಲ ಅಂದೆ. ಸಾಬೂನಿನ ವಿಷಯ ಹೇಳಿದೆ. ಒಂದು ವೇಳೆ ಅಪ್ಪನೇ ಹಾರಿದ್ದು ಎಂದಿಟ್ಟುಕೊಂಡರೂ ಶಿಕ್ಷೆ ಬದುಕಿರುವ ನಿಮ್ಮ ತಂಗಿಗೆ ಯಾಕೆ ಎಂದು ಕೇಳಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿಲ್ಲ. ಮಾವ ಒಂದು ಮಾತಿಗೂ ಅಡ್ಡ ಹೇಳಲಿಲ್ಲ, ತಲೆಯಾಡಿಸುತ್ತಾ ಪೂರ್ತಿ ಕೇಳಿದರು.

"ನೀನು ಹೇಳಿದ್ದು ಎಲ್ಲ ಸರಿ ಉಂಟು," ಅಂದರು. "ಭಾವ ಕಾಲು ಜಾರಿಯೇ ಹೋದದ್ದು. ನನಗೆ ಸಂಶಯ ಇಲ್ಲ."

"ಹಾಗಾದ್ರೆ ಹೊರಡುವ ಮಾವ. ಕಡೆ ಬಸ್ಸಿಗೆ ಮೊದಲು ಹೋಗಿ ಬರುವ."

"ನಾನು ಬರೂದಿಲ್ಲ."

ಅವರ ಮಗಳನ್ನು ಮೂಡುಬಿದಿರೆಯ ಕಡೆಯ ಒಂದು ಮನೆಗೆ ಕೇಳಿದ್ದರಂತೆ. ಮಾತುಕತೆಗೆ ಬಂದವರು ಹೊಳೆಯ ವಿಷಯ ಎತ್ತಿದರಂತೆ.

"ನೀವು ಏನು ಹೇಳಿದ್ದು?"

"ಆ ಮನೆಗೂ ನಮಗೂ ಹೋಗುಬರು ಇಲ್ಲ ಅಂತ ಹೇಳಿದ್ದೇನೆ." ಮಾವ ಎಲೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡರು, ಬಾಯಿಗೆ ಹಾಕಲಿಲ್ಲ. "ವಾದದಲ್ಲಿ ನೀನೇ ಗೆದ್ದೆ ಅಂತ ಇಟ್ಟುಕೋ. ಹೆಣ್ಣು ಕೊಡುವವ ನಾನಲ್ವಾ?"

ಪಾತ್ರೆಯನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ, ನೀವು ಕಳಿಸಿದ್ದೆಂದು ಹೇಳುತ್ತೇನೆ ಅಂದೆ. ಅದು ಆಗುವುದಿಲ್ಲ ಎಂದರು. ಕೊಡುವವರು ಹೊಸ್ತಿಲು ದಾಟಿ ಬಂದು ಕೊಡಬೇಕು. ಮನೆಯ ಮಗನೇ ಹೊತ್ತುಕೊಂಡು ಹೋದರೆ ಅದು ಪಾಲಲ್ಲ, ಬೇಡಿ ತಂದದ್ದು. ಅಷ್ಟರಲ್ಲಿ ಅತ್ತೆ ಒಳಗೆ ನನಗೆ ಎಲೆ ಹಾಕಿದ್ದಳು. ಹಬ್ಬದ ದಿನ ಹಸಿದು ಹೋಗಬೇಡ ಅಂದಳು. ಉಣ್ಣದೆ ಬಂದೆ. ಬಸ್ಸಿನಲ್ಲಿ ಕೂತಾಗ ಹಸಿವೆಯಾಗುತ್ತಿತ್ತು.

ಊರು ಮುಟ್ಟುವಾಗ ಬೀದಿಯಲ್ಲಿ ಹಣತೆ ಹಚ್ಚುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳಲಿಲ್ಲ. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಬೀದಿಯ ಕಡೆ ನೋಡಿದಳು ಅಷ್ಟೆ. ಆಮೇಲೆ, "ಅತ್ತಿಗೆ ಈ ಸಲ ಏನು ಮಾಡಿದ್ದಾಳೆ?" ಎಂದಳು.

"ಪಾತ್ರೆ ಕಟ್ಟಿಟ್ಟಿದ್ದಾರೆ. ಒಳಗೆ ಏನುಂಟೋ ನೋಡ್ಲಿಲ್ಲ."

"ಸುಕ್ರುಂಡೆಯೇ ಇರಬಹುದು. ಅವಳ ಕೈಯಲ್ಲಿ ಅದು ಚಂದ ಆಗ್ತದೆ." ಚಾಪೆಯ ಅಂಚನ್ನು ಕೈಯಿಂದ ಸರಿಮಾಡಿದಳು. "ಬೀದಿಯವರು ಬೆಳಿಗ್ಗೆಯಿಂದ ಮಕ್ಕಳ ಬಾಯಿ ಕಟ್ಟಿ ಕೂತಿದ್ದಾರೆ. ತೆಂಗಿನಕಾಯಿ ಹಾಕಿದ್ದು ರಾತ್ರಿಗೆ ಹಳಸ್ತದೆ. ಹೋಗಿ ಹೇಳು, ತೆಗೆದಿಟ್ಟದ್ದನ್ನು ಅವರೇ ತಿನ್ನಲಿ ಅಂತ."

ಹಾಗೆ ಹೇಳುವುದೆಂದರೆ ಏನೆಂದು ಈಗ ನನಗೆ ಗೊತ್ತಿತ್ತು. ನಮ್ಮ ಬಾಯಿಂದಲೇ ಅಪ್ಪನದು ಕೆಟ್ಟ ಸಾವು ಎಂದು ಒಪ್ಪಿಕೊಂಡ ಹಾಗೆ. "ನಾಳೆವರೆಗೆ ಕಾಯುವ ಅಮ್ಮ," ಅಂದೆ. ಮಾವನ ಮನಸ್ಸು ಬದಲಾಗಬಹುದು ಎಂದೆ. ನನಗೇ ನಂಬಿಕೆಯಿಲ್ಲದ ಪಕ್ಷದ ಪರವಾಗಿ ಮಾತಾಡುವುದು ನನಗೆ ಅಭ್ಯಾಸವಿತ್ತು, ಅವತ್ತು ಮಾತ್ರ ಹರಿವಾಣವನ್ನು ನೋಡುತ್ತಾ ಮಾತಾಡಿದೆ.

"ಕಾಲು ಜಾರಿದ್ದು ಅಂತ ನನಗೆ ಗೊತ್ತುಂಟು," ಅಂದಳು. "ನಿನ್ನ ಅಪ್ಪ ಯಾರನ್ನೂ ಕಾಯಿಸಿದವರಲ್ಲ. ಅವರ ಹೆಸರಲ್ಲಿ ಊರಿನ ಮಕ್ಕಳು ಹಸಿದು ಕೂರುದು ಬೇಡ. ಹೋಗು."

ಹೋದೆ. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು, "ಅಮ್ಮನೇ ಹೇಳಿದ್ದಾ?" ಎಂದು ಕೇಳಿದಳು. ಹೌದು ಅಂದೆ. ನಮ್ಮ ಮನೆಯ ಕಡೆ ನೋಡಿದಳು, ಒಂದು ಹೆಜ್ಜೆ ಕೆಳಗಿಳಿದಳು, ಅಲ್ಲಿಗೇ ನಿಂತಳು. ಆಮೇಲೆ ಒಳಗೆ ಹೋದಳು. ಎದುರು ಮನೆಯ ಯಜಮಾನರು ಆಗಲಿ ಎಂದು ಬೇಗ ಬೇಗ ಹೇಳಿದರು, ಭಾರ ಇಳಿಸಿದವರ ಹಾಗೆ. ಮುಂದಿನ ಮನೆಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ ಸುದ್ದಿ ಮುಟ್ಟಿತ್ತು. ಕೊನೆಯ ಬಾಗಿಲಿಂದ ಹಿಂದಿರುಗುವಾಗ ಬೀದಿಯ ಎರಡೂ ಬದಿಯಿಂದ, ನಮಗೆಂದು ತೆಗೆದಿಟ್ಟಿದ್ದ ಚಕ್ಕುಲಿಯನ್ನು ಮಕ್ಕಳು ಕಟಕಟನೆ ಕಡಿಯುವ ಸದ್ದು ಕೇಳುತ್ತಿತ್ತು.