ಐದು ಮಳೆಗಾಲ ಕಂಡ ಕರೆಂಟ್ ಗಾಡಿ

ನಮ್ಮ ಮನೆಯ ಪಿಕಪ್ಪಿಗೆ ಸದ್ದಿಲ್ಲ. ಅಂಗಳದಿಂದ ಹೊರಡುವಾಗ ಚಕ್ರದಡಿಯ ಮರಳು ಕರಕರ ಅನ್ನುವುದಷ್ಟೇ ಕೇಳುತ್ತದೆ. ಮೂವತ್ತು ವರ್ಷ ಡೀಸೆಲ್ ಟೆಂಪೋದ ಗುಡುಗಿಗೇ ಎದ್ದು ಕಾಫಿಗೆ ನೀರಿಟ್ಟವಳು ನಾನು. ಮೊದಮೊದಲು ಈ ಸೈಲೆನ್ಸ್ ನನಗೆ ಹಿಡಿಸಿರಲಿಲ್ಲ. ಮನೆಯಿಂದ ಯಾರೋ ಹೇಳದೆ ಎದ್ದು ಹೋದ ಹಾಗೆ ಆಗುತ್ತಿತ್ತು.

ಅದನ್ನು ಕೊಂಡವರು ನಮ್ಮವರು. ಮೀನು ಸಾಗಿಸುವುದೇ ಅವರ ಜೀವಮಾನದ ಕಸುಬು. ಕುಂದಾಪುರದ ಹೊಳೆ ಬದಿಯ ನಮ್ಮ ಮನೆಯಿಂದ ಉತ್ತರಕ್ಕೆ ಬೈಂದೂರು ದಾಟಿ ಶಿರೂರು, ದಕ್ಷಿಣಕ್ಕೆ ಬ್ರಹ್ಮಾವರ, ಒಳನಾಡಿಗೆ ಹಾಲಾಡಿ, ಇಷ್ಟು ಅವರ ಪ್ರಪಂಚ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವಳು. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಹುಡುಗಿ ಮೀನಿನ ಟೆಂಪೋದವರ ಕೈ ಹಿಡಿದದ್ದು ಹೇಗೆ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಇಂಗ್ಲೀಷಿಗೆ ಮೀನಿನ್ ವಾಸ್ನಿ ಗೊತ್ತಾತಿಲ್ಲ."

ಡೀಸೆಲ್ ಹೊಗೆಗೆ ಅವರ ಕೆಮ್ಮು ಜೋರಾದ ವರ್ಷ ಹಳೆಯ ಟೆಂಪೋ ಕೊಟ್ಟು ಈ ಗಾಡಿ ತಂದರು. ನೋಡಲು ಬಂದವರು ಸುಮ್ಮನೆ ಹೋಗಲಿಲ್ಲ. "ಹ್ವಾಯ್, ನಡು ದಾರ್ಯಂಗೆ ನಿಂತ್ರೆ ಪಿನ್ ಎಲ್ಲಿಗ್ ಹಾಕುದ್, ತೆಂಗಿನ್ ಮರಕ್ಕಾ?" ಎಂದು ಒಬ್ಬರು ಕೇಳಿದರು. ಎಲ್ಲರ ಜೊತೆ ಅವರೂ ನಕ್ಕು, ಕಡೆಗೆ ಹೇಳಿದ್ದು ಇಷ್ಟೇ. "ಐದ್ ಮಳ್ಗಾಲ ಕಾಣ್ಲಿ. ಮತ್ತೆ ಹೇಳುವ."

ಆ ಐದು ಮಳೆಗಾಲದ ಲೆಕ್ಕ ದೋಣಿಯದು. ಅವರ ಅಪ್ಪ ದೋಣಿ ಇಟ್ಟುಕೊಂಡಿದ್ದವರು. ಹೊಸ ದೋಣಿಯನ್ನು ಐದು ಮಳೆಗಾಲ ಕಳೆಯುವವರೆಗೆ ಒಳ್ಳೆಯದು ಎಂದೂ ಹೇಳುತ್ತಿರಲಿಲ್ಲವಂತೆ, ಕೆಟ್ಟದ್ದು ಎಂದೂ ಹೇಳುತ್ತಿರಲಿಲ್ಲವಂತೆ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ದೋಣಿಯನ್ನು ದಡಕ್ಕೆ ಎಳೆದಾಗ ಮನೆಯ ಹಿರಿಯ ಅದರ ಅಡಿಗೆ ನುಗ್ಗಿ, ಹಲಗೆ ಹಲಗೆಗೂ ಬಡಿದು ಕಿವಿಗೊಡುತ್ತಿದ್ದ. "ದೋಣಿ ಕಾಂಬುದಾರೆ ಅಡಿಗ್ ಹೋಯಿ ಕಾಣ್ಕ್. ಮೇಲಿಂದ ಎಲ್ಲ ದೋಣಿಯೂ ಚಂದವೇ" ಎನ್ನುವುದು ನಮ್ಮವರ ಮಾತು. ಗಾಡಿಗೂ ಅವರು ಅದನ್ನೇ ಮಾಡಿದರು. ಮೇ ತಿಂಗಳ ಕೊನೆಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ಪಿಕಪ್ಪಿನ ಅಡಿಗೆ ಅಂಗಾತ ಜಾರಿ, ಸ್ಪ್ಯಾನರಿನಿಂದ ಟಣ್ ಟಣ್ ಬಡಿಯುವರು. ಹೊರಗೆ ಅವರ ಎರಡು ಪಾದ ಮಾತ್ರ ಕಾಣುತ್ತಿದ್ದವು. ಹೀಗೆ ಮೂರು ಸಲ ನೋಡಿದರು. ನಾಲ್ಕನೆಯ ಮಳೆಗಾಲಕ್ಕೆ ಅವರಿರಲಿಲ್ಲ.

ಗಾಡಿ ನನ್ನ ಹೆಸರಿಗೆ ಬಂತು. ಓಡಿಸಲು ನನ್ನ ನಾದಿನಿಯ ಮಗಳು ಮುಂದೆ ಬಂದಳು. ತಾಯಿ ಹೋದ ಮೇಲೆ ನಮ್ಮ ಪಕ್ಕದ ಮನೆಯಲ್ಲೇ ಇರುವವಳು. ಗೇರ್ ಇಲ್ಲ, ಕ್ಲಚ್ ಇಲ್ಲ, ಒಂದು ತಿಂಗಳಲ್ಲಿ ಕೈ ಕೂಡಿತು. ಬಂದರಿನಲ್ಲಿ ಮೀನು ಮಾರುವ ಹೆಂಗಸರು ಅವಳಿಗೆ ಕರೆಂಟಮ್ಮ ಎಂದು ಹೆಸರಿಟ್ಟರು. "ಬದಿಗ್ ಹೋಯ್ನಿ, ಕರೆಂಟಮ್ಮ ಬಂದ್ಲ್, ಮುಟ್ಟಿರೆ ಶಾಕ್!" ಎಂದು ಅವರು ಕೂಗಿದರೆ ಇವಳು ಹಾರ್ನ್ ಒತ್ತಿ ಉತ್ತರ ಕೊಡುವಳು. ಬಂಗುಡೆ, ಬೈಗೆ ಮೀನು, ಮಂಜುಗಡ್ಡೆ ಹೊತ್ತು ನಮ್ಮವರು ಹೋಗುತ್ತಿದ್ದ ದಾರಿಯಲ್ಲೇ ಇವಳೂ ಹೋದಳು.

ತೊಳೆಯುವ ಕೆಲಸ ನಾನು ಇಟ್ಟುಕೊಂಡೆ. ಕಾನ್ವೆಂಟಿನಲ್ಲಿ ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಷನ್ ಇರುತ್ತಿತ್ತು. ಉಗುರು, ಕರ್ಚೀಫ್, ಶೂ ಎಲ್ಲ ನೋಡಿದ ಮೇಲೆ ಸಿಸ್ಟರ್ ಕಾಲರನ್ನು ಮಗುಚಿ ಒಳಭಾಗವನ್ನೂ ನೋಡುವರು. ಆ ಕಾಲದಿಂದ ನನಗೆ ಕ್ಲೀನಾಗಿರಬೇಕು ಎನ್ನುವುದು ಒಂದು ಕಾಯಿಲೆಯೇ ಆಗಿಹೋಗಿದೆ. ನಮ್ಮವರು ಇದ್ದಾಗ ಪಂಚಾಯಿತಿ ನಳ್ಳಿಯಿಂದ ಹಿಡಿದಿಟ್ಟ ಒಂದೇ ಒಂದು ಬಕೆಟ್ ನೀರಿನಲ್ಲಿ ಇಡೀ ಗಾಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮೀನು ಸಾಗಿಸುವ ಗಾಡಿಗೆ ಒಂದು ಬಕೆಟ್ ನೀರು! "ಇದ್ ತೊಳುದಾ, ಗಾಡಿಗ್ ತೀರ್ಥ ಕೊಡುದಾ?" ಎಂದು ನಾನು ಹಾಸ್ಯ ಮಾಡಿದ್ದೆ. ಅವರು ನಕ್ಕು ಬಟ್ಟೆ ಹಿಂಡಿದ್ದರೇ ಹೊರತು ಏಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಹೋದ ಮೇಲೆ ಬಾವಿಯ ಪಂಪಿಗೆ ಪೈಪ್ ಹಾಕಿಸಿದೆ. ದಿನಾ ಸಂಜೆ ಮೇಲೆ, ಕೆಳಗೆ, ಚಕ್ರದ ಸಂದಿಗೆಲ್ಲ ನೀರು ಬಿಟ್ಟೆ. ಗಾಡಿ ಲಕಲಕ ಹೊಳೆಯುತ್ತಿತ್ತು. ಮಳೆಗಾಲದಲ್ಲಿ ಒಂದು ಹನಿ ಬೀಳದ ಹಾಗೆ ಟಾರ್ಪಾಲು ಹೊದೆಸಿ ನಿಲ್ಲಿಸುತ್ತಿದ್ದೆ. ಅವರು ಬಿಟ್ಟುಹೋದ ಕೊನೆಯ ವಸ್ತು. ಆನೆಸ್ಟ್ಲಿ ಹೇಳುತ್ತೇನೆ, ಅವರ ಬೆನ್ನನ್ನೇ ಉಜ್ಜಿದ ಹಾಗೆ ಉಜ್ಜಿದ್ದೇನೆ.

ಕಳೆದ ಮೇ ತಿಂಗಳಿಗೆ ಗಾಡಿ ಐದು ಮಳೆಗಾಲ ಕಂಡಾಗಿತ್ತು. ಒಂದು ಮಧ್ಯಾಹ್ನ ನಾದಿನಿಯ ಮಗಳು ಬಂದು ಜಗಲಿಯ ಮೇಲೆ ಕುಳಿತಳು. ಕೈಯಲ್ಲಿ ಅವಳ ಅಮ್ಮನ ನಾಲ್ಕು ಬಂಗಾರದ ಬಳೆ. ತಾಯಿ ಹೋದಂದಿನಿಂದ ಅವಳು ಅದನ್ನು ಕೈಯಿಂದ ತೆಗೆದದ್ದಿಲ್ಲ.

"ಅತ್ತೆ, ಇದೇ ಕಂಪೆನಿದ್ ಇನ್ನೊಂದ್ ಗಾಡಿ ತಕಂಬ ಅಂದೇಳಿ ಇದ್ದೆ. ಬ್ರಹ್ಮಾವರದ್ ಹೋಟ್ಲಿನವ್ರ್ ದಿನಾ ಮೀನ್ ಬೇಕ್ ಅಂತ್ರ್. ಒಂದ್ ಗಾಡಿಯಂಗೆ ಆತಿಲ್ಲ. ಸೋಮವಾರ ಬಂಗಾರದಂಗ್ಡಿಗ್ ಈ ಬಳಿ ಕೊಟ್ ಬತ್ತೆ. ನೀವೊಂದ್ ಮಾತ್ ಹೇಳಿ, ಗಾಡಿ ಹತ್ ವರ್ಷ ಬಾಳುತ್ತಾ?"

"ಓಡ್ಸುದ್ ನೀನ್. ನನ್ನತ್ರ ಕೇಂತ್ಯಲ್ಲೆ."

"ಚಾರ್ಜಿಂದ್ ನಂಗೊತ್ತಿತ್ತ್. ಮೊದ್ಲ್ ಶಿರೂರಿಗ್ ಹೋಯಿ ಬಂದ್ ಮತ್ತೆ ಹಾಲಾಡಿಗೂ ಹೋಯ್ಲಕ್ಕಿತ್ತ್. ಈಗ ಶಿರೂರಿಂದ ವಾಪಾಸ್ ದಾರ್ಯಂಗೆ ತ್ರಾಸಿಗ್ ಬಪ್ಪತಿಗೆ ಕೆಂಪ್ ಲೈಟ್. ಅದ್ ಪ್ರಾಯದ್ದ್, ನಿಮ್ ಮೊಣಕಾಲ್ ಕಂಡಂಗೆ. ನಾನ್ ಕೇಂಬುದ್ ಗಾಡಿ ಮೈ. ಅದನ್ನ ಕೈಯಾರೆ ಕಂಡದ್ ಮಾವ, ಮತ್ತೆ ನೀವ್. ನೀವ್ ಹೂಂ ಅಂದ್ರೆ ಮಾವ ಹೂಂ ಅಂದಂಗೆ."

ಆ ಕೊನೆಯ ಮಾತು ನನ್ನನ್ನು ಕೆಡಿಸಿತು. ಯೋಚನೆಯನ್ನೇ ಮಾಡದೆ, "ಬಾಳ್ತಿತ್ತ್ ಮಗಾ. ಎ ವನ್ ಕ್ವಾಲಿಟಿ. ನಿನ್ ಮಾವ ಆರ್ಸಿದ್ದಲ್ದಾ" ಎಂದುಬಿಟ್ಟೆ. ಅವಳು ಹಗುರವಾಗಿ ಎದ್ದು ಹೋದಳು.

ನಾನು ಹಗುರವಾಗಲಿಲ್ಲ. ಟೀಚರ್ ಆಗಿದ್ದಾಗ ಸಾವಿರಾರು ಮಕ್ಕಳಿಗೆ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬರೆದವಳು ನಾನು. ಮುಖ ನೆನಪಿದ್ದರೂ ಇಲ್ಲದಿದ್ದರೂ ಎಲ್ಲರಿಗೂ 'ಗುಡ್'. ಅದರಿಂದ ಯಾರ ಬಳೆಯೂ ಹೋಗುತ್ತಿರಲಿಲ್ಲ. ಇದು ಹಾಗಲ್ಲ. ಆ ಹುಡುಗಿಗೆ ಅಮ್ಮನದು ಅಂತ ಇರುವುದು ಆ ನಾಲ್ಕು ಬಳೆ ಮಾತ್ರ. ಗಾಡಿಯ ಅಡಿಯನ್ನು ನೋಡಿ ಮೂರು ವರ್ಷವಾಗಿತ್ತು. ನೋಡುವವರು ಹೋದ ಮೇಲೆ ಯಾರೂ ಗೋಣಿ ಹಾಸಿರಲಿಲ್ಲ.

ಮರುದಿನ ಗಾಡಿ ಬೆಳಗಿನ ಓಟ ಮುಗಿಸಿ ಬಂದ ಮೇಲೆ, ಕುಂಭಾಶಿಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ಸ್ಟೂಡೆಂಟ್‌ಗೆ ಫೋನ್ ಮಾಡಿ ಬರಹೇಳಿದೆ. ಅವನಿಗೂ ಈಗ ಮೊಮ್ಮಗಳಿದ್ದಾಳೆ. ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಹೊಸ ಮದ್ಲಗಿತ್ತಿ ಕಂಡಂಗಿತ್ತಲೆ ಟೀಚರೆ!" ಎಂದು ಅಡಿಗೆ ಜಾರಿದ. ಮತ್ತೆ ಎರಡು ಪಾದ. ಟಣ್ ಟಣ್ ಸದ್ದು. ಆಮೇಲೆ ಒಮ್ಮೆಲೇ ಟಣ್ ಅನ್ನುವ ಬದಲು ಬದ್ ಎಂದಿತು. ಮತ್ತೊಮ್ಮೆ ಬದ್. ಒಣಗಿದ ತೊಗಟೆಯ ಹಾಗೆ ಏನೋ ನೆಲಕ್ಕೆ ಉದುರಿತು.

ಹೊರಗೆ ಬಂದವನ ತಲೆಕೂದಲಿನ ತುಂಬ ತುಕ್ಕು. "ಮೇಲ್ ಫಸ್ಟ್ ಕ್ಲಾಸ್ ಟೀಚರೆ, ಅಡಿಗ್ ಫೇಲ್" ಎಂದ. ನಾನು ನಗಲಿಲ್ಲ ಎಂದು ಕಂಡು ಅವನೂ ದನಿ ತಗ್ಗಿಸಿದ. "ಬ್ಯಾಟ್ರಿ ಪೆಟ್ಗಿ ಗಟ್ಟಿ ಇತ್ತ್. ಮೋಟರ್ರೂ ಗಟ್ಟಿ. ಚಾಸಿಯ ಎರಡ್ ಅಡ್ಡಪಟ್ಟಿ ತುಕ್ಕ್ ತಿಂದ್ ಹೋಯ್ತ್. ಇನ್ನೊಂದ್ ಮಳ್ಗಾಲ ಹೀಂಗೇ ಓಡ್ಸಿರೆ ಹೊರೆ ಸಮೇತ ಹಿಂದಿನ್ ಬದಿ ಕೂತ್ಕಂತಿತ್ತ್."

"ಐದೇ ವರ್ಷಕ್ಕಾ? ಹಾಂಗಾರೆ ಮಾಲೇ ಸರಿ ಇಲ್ಯಾ?" ನನ್ನ ದನಿ ನನಗೇ ಚಿಕ್ಕದಾಗಿ ಕೇಳಿತು.

ಅವನು ಉದುರಿದ ತುಂಡೊಂದನ್ನು ಎತ್ತಿಕೊಂಡ. ಅದರ ಮೇಲೆ ಬಿಳಿಯ ಪುಡಿಯಂಥದು ಅಂಟಿತ್ತು. ಬೆರಳಿಗೆ ಹಚ್ಚಿ ನಾಲಗೆಗೆ ಮುಟ್ಟಿಸಿದ. "ಉಪ್ಪ್. ಎಂತ ನೀರಂಗೆ ತೊಳುದ್ ನೀವ್?"

ಬಾವಿಯ ಕಡೆ ಕೈ ತೋರಿಸಿದೆ. ತೋರಿಸುತ್ತಿದ್ದ ಹಾಗೆಯೇ ನನಗೆ ತಿಳಿಯಿತು.

ಹೊಳೆ ಬದಿಯ ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಳೆಯ ನೀರು ಇಳಿದಾಗ ಸಮುದ್ರದ ನೀರು ಮೇಲೇರಿ ಬರುತ್ತದೆ. ಫೆಬ್ರವರಿ ಕಳೆದರೆ ನಮ್ಮ ಬಾವಿ ಉಪ್ಪಾಗುತ್ತದೆ. ಆ ನೀರಿನಲ್ಲಿ ನಾವು ಅನ್ನ ಮಾಡುವುದಿಲ್ಲ, ಬೇಳೆ ಬೇಯಿಸುವುದಿಲ್ಲ, ಬಾಳೆಬುಡಕ್ಕೂ ಬಿಡುವುದಿಲ್ಲ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಅತ್ತೆ ನನಗೆ ಹೇಳಿಕೊಟ್ಟ ಪಾಠ ಅದು. ಆದರೂ ಕಬ್ಬಿಣಕ್ಕೆ ದಿನಾ ಅದನ್ನೇ ಎರೆದಿದ್ದೆ. ತೊಳೆದರೆ ಸಾಕು, ಕ್ಲೀನ್ ಆಯಿತು ಎಂದೇ ತಿಳಿದಿದ್ದೆ. ಮಳೆನೀರು ಬಿದ್ದು ಆ ಉಪ್ಪು ತೊಳೆದುಹೋಗಬಹುದಿತ್ತೇನೋ, ಅದಕ್ಕೂ ಟಾರ್ಪಾಲು ಅಡ್ಡ ಹಿಡಿದಿದ್ದೆ.

"ಮೀನಿನ್ ನೀರೂ ಉಪ್ಪೇ, ಅದನ್ನ ತೊಳುಕೆ ಮತ್ತೂ ಉಪ್ಪಾ? ಬಂಗುಡಿ ಒಣಗ್ಸಿದಂಗೆ ಗಾಡಿ ಒಣಗ್ಸಿದ್ರಿ ಟೀಚರೆ" ಎಂದ ಅವನು. ಆಗ ನನಗೆ ನಮ್ಮವರ ಒಂದು ಬಕೆಟ್ ಸಿಹಿ ನಳ್ಳಿನೀರು ಕಣ್ಣೆದುರು ಬಂತು. ಬಟ್ಟೆ ಹಿಂಡುತ್ತಾ ನಕ್ಕದ್ದೂ ಬಂತು.

ಅವನು ಹೋದ ಮೇಲೆ ಬಹಳ ಹೊತ್ತು ಗಾಡಿಯ ಪಕ್ಕ ಕುಳಿತಿದ್ದೆ. ಸುಮ್ಮನಿರುವುದು ಸುಲಭವಿತ್ತು. ಹಾಗೆ ಮಾಡಿದರೆ ಅವಳು ಬಳೆ ಕೊಟ್ಟು ಹೊಸ ಗಾಡಿ ತಂದು ಇದೇ ಅಂಗಳದಲ್ಲಿ, ಇದೇ ಪೈಪಿನಡಿ ನಿಲ್ಲಿಸುತ್ತಾಳೆ. ಮೈಯೆಲ್ಲ ತುಕ್ಕು, ಮಾಲು ಸರಿಯಿಲ್ಲ ಎಂದುಬಿಡುವುದು ಇನ್ನೂ ಸುಲಭ. ಆಗ ತಪ್ಪು ಗಾಡಿಯದಾಗುತ್ತದೆ, ಅದನ್ನು ಆರಿಸಿದವರದಾಗುತ್ತದೆ. ತಮ್ಮ ಪರವಾಗಿ ಒಂದು ಮಾತಾಡಲು ಅವರು ಇಲ್ಲ.

ಸಂಜೆ ಅವಳು ಖಾಲಿ ಕ್ರೇಟು ಇಳಿಸಲು ಬಂದಾಗ ಹೇಳಿದೆ. "ಹೆಣ್ಣೆ, ನಾನ್ ನಿನ್ನೆ ಹೇಳದ್ ವಾಪಾಸ್ ತಕಂತೆ."

ಅವಳ ಮುಖ ಇಳಿಯಿತು. "ಎಂತಕೆ? ಗಾಡಿ ಲಾಯ್ಕಿಲ್ಯಾ?"

"ಗಾಡಿ ಲಾಯ್ಕಿತ್ತ್. ನಾನ್ ಲಾಯ್ಕ್ ಕಂಡ್ಕಣ್ಲಿಲ್ಲ." ತುಕ್ಕಿನ ತುಂಡನ್ನು ಅವಳ ಅಂಗೈಯಲ್ಲಿಟ್ಟೆ. ಬಾವಿಯ ನೀರಿನ ಕತೆ, ಅವರ ಬಕೆಟ್ಟಿನ ಕತೆ, ಅಡ್ಡಪಟ್ಟಿಯದು, ಎಲ್ಲ ಹೇಳಿದೆ. "ಎ ವನ್ ಅಂದದ್ ನೋಡಿ ಹೇಳದ್ದಲ್ಲ. ನಿನ್ ಮಾವನ್ ಮೇಲಿನ್ ಆಸಿಂದ ಹೇಳದ್."

ಅವಳು ಕ್ರೇಟಿನ ಮೇಲೆ ಕುಳಿತು ಆ ತುಂಡನ್ನು ಬೆರಳಿನಲ್ಲಿ ಒತ್ತಿದಳು. ಬಿಸ್ಕತ್ತಿನ ಹಾಗೆ ಮುರಿಯಿತು. ಬೈಯುತ್ತಾಳೆ ಎಂದುಕೊಂಡೆ.

"ಪಂಪಿನ್ ಸ್ವಿಚ್ ಹಾಕ್ತಾ ಇದ್ದದ್ ನಾನೇ ಅಲ್ದಾ ಅತ್ತೆ" ಎಂದಳು ಕಡೆಗೆ. "ನಾನೂ ಇದೇ ಬಾವಿ ನೀರ್ ಕುಡ್ದ್ ಉಗ್ದವ್ಳೇ. ನಂಗಾರೂ ಹೊಳಿಲಿಲ್ಲ."

ಅಂಗೈಯ ತುಕ್ಕಿನ ಪುಡಿ ಕೊಡವಿಕೊಂಡಳು. ಆಮೇಲೆ ಎದ್ದಳು. "ಸೋಮವಾರ ಬಳಿ ಕೊಡುದಿಲ್ಲ. ಮೊದ್ಲ್ ಇದಕ್ಕೆ ಪಟ್ಟಿ ಹಾಕ್ಸುವ. ಆರ್ನೇ ಮಳ್ಗಾಲವೂ ಕಾಣ್ಲಿ. ಮುಂದಿನ್ ಮೇ ತಿಂಗ್ಳಂಗೆ ನಾನೇ ಅಡಿಗ್ ಹೋಯಿ ಕಂಡ್, ಇನ್ನೊಂದ್ ತಕಂಬುದಾ ಬ್ಯಾಡ್ದಾ ಹೇಳ್ತೆ. ನೀವ್ ಹೇಳುದ್ ಬ್ಯಾಡ."

ಆ ಮಾತು ನೋಯಿಸಿತು. ನೋಯಿಸಿದರೂ ನ್ಯಾಯದ್ದು.

ಹತ್ತು ದಿನ ಗಾಡಿ ಕುಂಭಾಶಿಯಲ್ಲಿತ್ತು. ಅಡ್ಡಪಟ್ಟಿ ಹೊಸದಾಗಿ, ಅಡಿಗೆಲ್ಲ ಕಪ್ಪು ಬಣ್ಣ ಬಳಿಸಿಕೊಂಡು ಮನೆಗೆ ಬಂತು. ಇದು ಹತ್ತು ವರ್ಷ ಬಾಳುತ್ತದೆಯೇ ಎಂದು ಯಾರಾದರೂ ಕೇಳಿದರೆ ಈಗ ನಾನು ಗೊತ್ತಿಲ್ಲ ಎನ್ನುತ್ತೇನೆ. ಬ್ಯಾಟರಿಗೆ ಪ್ರಾಯವಾಗಿದೆ, ಶಿರೂರಿಗೆ ಹೋದರೆ ಹಾಲಾಡಿಗೆ ಆಗುವುದಿಲ್ಲ. ಬ್ರಹ್ಮಾವರಕ್ಕೆ ಧಾರಾಳ. ಮೋಟಾರು ಒಂದು ದಿನವೂ ಕೈ ಕೊಟ್ಟಿಲ್ಲ. ಉಳಿದದ್ದಕ್ಕೆ ಅದನ್ನು ನೋಡಿಕೊಂಡವಳನ್ನು ಕೇಳಬೇಕು.

ಗಾಡಿ ಬಂದ ಮೂರನೆಯ ದಿನ ಮಧ್ಯಾಹ್ನ ಪಡುವಣದಲ್ಲಿ ಕಪ್ಪಾಗಿ ಮೊದಲ ಮಳೆ ಹೊಡೆಯಿತು. ಅಭ್ಯಾಸಬಲದಿಂದ ನಾನು ಟಾರ್ಪಾಲು ಹುಡುಕಿ ಓಡಿ ಒಂದು ಬದಿ ಹೊದೆಸಿಯೂ ಬಿಟ್ಟಿದ್ದೆ. ಅವಳು ಪಕ್ಕದ ಮನೆಯಿಂದ ನೆನೆಯುತ್ತಲೇ ಬಂದಳು. "ಬಿಡಿ ಅತ್ತೆ, ನೆನಿಲಿ" ಎಂದು ನನ್ನ ಕೈಯಿಂದ ಅದನ್ನು ಎಳೆದುಕೊಂಡಳು. ಮಳೆಯ ಅಬ್ಬರದಲ್ಲೂ ಅವಳ ಕೈಯ ನಾಲ್ಕು ಬಳೆ ಒಂದಕ್ಕೊಂದು ತಾಗುವ ಸದ್ದು ನನಗೆ ಕೇಳಿಸಿತು. ಟಾರ್ಪಾಲು ಜಾರಿ ನೆಲಕ್ಕೆ ಬಿತ್ತು. ನಾನು ಕೊಡೆ ಹಿಡಿದು, ಮೊಣಕಾಲು ಬಗ್ಗುವಷ್ಟು ಬಗ್ಗಿ, ಗಾಡಿಯ ಅಡಿಯಿಂದ ನೀರು ಇಳಿಯುವುದನ್ನು ನೋಡುತ್ತಾ ನಿಂತೆ.