ಗೌರವ್ವನ ಬಲಗಣ್ಣು

ನಮ್ಮ ಓಣಿಯ ಕಟ್ಟೆಯ ಮೇಲೆ ಯಾರಾದರೂ ದೆವ್ವದ ಸುದ್ದಿ ತೆಗೆದರೆ ನಡುವೆ ಬಾಯಿ ಹಾಕಿ ಅದರ ರುಚಿ ಕೆಡಿಸುವವನು ನಾನೇ ಆಗಿದ್ದೆ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡಿತು ಅಂತ ಒಬ್ಬ ಅಂದರೆ, ಗೊಬ್ಬರದ ಖಾಲಿ ಚೀಲ ಇರಬೇಕು ನೋಡು ಅನ್ನುತ್ತಿದ್ದೆ. ಇದಕ್ಕೆ ನನ್ನ ಕಸುಬೂ ಸ್ವಲ್ಪ ಕಾರಣ. ನಾನು ಕಟ್ಟಿಗೆಯ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವವನು. ಉಳಿ ಓಡಿದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ, ಉಳಿ ಮುಟ್ಟದ ಕಡೆ ಕಪ್ಪು ಬೀಳುತ್ತದೆ. ಹಲಗೆಯಲ್ಲಿ ಇಲ್ಲದ್ದು ಕಾಗದಕ್ಕೆ ಬರುವುದಿಲ್ಲ. ಇಪ್ಪತ್ತು ವರ್ಷ ಇದನ್ನೇ ಕಂಡು ಇದನ್ನೇ ನಂಬಿದ್ದೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮೂರು ಸಂಶಿಯ ಮನೆಯ ಪಡಸಾಲೆಯಲ್ಲಿ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕು ಅಂತ ಹಟವಿಲ್ಲ. ಇದನ್ನು ನೀವು ಹೇಳಿ ನಾನು ಕೇಳುವಂತಿದ್ದರೆ ಖಂಡಿತ ನಗುತ್ತಿದ್ದೆ.

ಕುಂದಗೋಳದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಹಳೆಯ ಹತ್ತಿ ಗೋದಾಮು. ಸುತ್ತಲಿನ ಊರುಗಳ ನಾವು ಆರು ಮಂದಿ ಅಚ್ಚಿನ ಚಿತ್ರಗಾರರು ಅದಕ್ಕೆ ಸುಣ್ಣ ಬಳಿದು, ಗೋಡೆಯಿಂದ ಗೋಡೆಗೆ ತಂತಿ ಎಳೆದು, ಗ್ಯಾಲರಿ ಅಂತ ಹೆಸರಿಟ್ಟುಕೊಂಡಿದ್ದೆವು. ವರ್ಷಕ್ಕೊಮ್ಮೆ ಮೂರು ದಿನ ಪ್ರದರ್ಶನ. ಚಿತ್ರ ನೋಡಲು ಬಂದವರಿಗಿಂತ ಬಸ್ಸು ತಪ್ಪಿ ಫ್ಯಾನಿನ ಕೆಳಗೆ ಕೂಡಲು ಬಂದವರೇ ಜಾಸ್ತಿ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕೂತವರು ಸುಮ್ಮನೆ ಕೂಡುತ್ತಿರಲಿಲ್ಲ, ಎದ್ದು ಒಂದೊಂದೇ ಚಿತ್ರದ ಮುಂದೆ ನಿಂತು ತಮ್ಮ ಹೊಲವೋ ತಮ್ಮ ಎತ್ತೋ ಕಂಡಂತೆ ಮಾತಾಡುತ್ತಿದ್ದರು. ಅಷ್ಟು ಸಾಕಿತ್ತು ನಮಗೆ.

ನಮ್ಮಲ್ಲಿ ನಾಲ್ವರಿಗೆ ಉಳಿ ಹಿಡಿಯಲು ಕಲಿಸಿದವರು ಯರಗುಪ್ಪಿಯ ವೀರಬಸಪ್ಪ ಮಾಸ್ತರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮೆಚ್ಚಿದರೆ ಮಾತಾಡದವರು, ಮೆಚ್ಚದಿದ್ದರೆ ಊರಿಗೆಲ್ಲ ಕೇಳುವಂತೆ ಬೈಯುವವರು. ಆ ಹೊತ್ತಿಗೆ ಅವರಿಗೆ ಕೈ ನಡುಕ ಶುರುವಾಗಿ ಎರಡು ವರ್ಷವಾಗಿತ್ತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಅವರು ಟವೆಲ್ಲಿನಲ್ಲಿ ಸುತ್ತಿದ ಹಲಗೆಯೊಂದನ್ನು ತಂದು ನನ್ನ ಮುಂದೆ ಇಟ್ಟರು. ಬಿಚ್ಚಿದರೆ ಒಬ್ಬ ಹೆಣ್ಣುಮಗಳ ಮುಖ, ತಲೆಯ ಮೇಲೆ ಸೆರಗು.

"ನಮ್ಮ ಗೌರವ್ವ," ಅಂದರು. "ಎಂಟು ತಿಂಗಳು ಹಿಡೀತು. ಒಂದ ಗೆರಿ ಕೆತ್ತಬೇಕಂದ್ರ ಕೈ ಸುಮ್ಮನಾಗೂತನಾ ಕುಂಡ್ರಬೇಕಾಗತೈತಿ. ತಿಕ್ಕಿ ಅಚ್ಚು ತಗಿಯೂವಷ್ಟು ಕಸುವು ಉಳದಿಲ್ಲ ನಂಗ. ಐದು ಅಚ್ಚು ನೀ ತಗದು ಕೊಡು."

ಗೌರವ್ವ ಅವರ ಹೆಂಡತಿ. ಮಗಳು ಸುಮಂಗಲಾ ಹನ್ನೊಂದು ತಿಂಗಳ ಕೂಸಿದ್ದಾಗ ಕಾಮಾಲೆಯಿಂದ ತೀರಿಕೊಂಡಿದ್ದರು. ಆಕೆಯದೊಂದು ಫೋಟೊ ಕೂಡ ಇರಲಿಲ್ಲ. ಸುಮಂಗಲಾಗೆ ಆಗ ನಲವತ್ತರ ಹತ್ತಿರ, ಅಂಗನವಾಡಿಯಲ್ಲಿ ಟೀಚರು. ತಾಯಿಯ ಮುಖ ಹೇಗಿತ್ತು ಅನ್ನುವುದು ಆಕೆಗೆ ಗೊತ್ತಿರಲಿಲ್ಲ.

"ಒಂದ ಸಲಾನೂ ಕೇಳಿಲ್ಲೋ ಆಕಿ," ಅಂದರು ಮಾಸ್ತರು. "ಕೇಳಿದ್ರ ಅಪ್ಪ ಅಳ್ತಾನ ಅಂತ ಕೇಳಿಲ್ಲ. ಈ ಕೈ ಪೂರಾ ಹೋಗೂದ್ರಾಗ ತೋರಿಸಿಬಿಡಬೇಕು. ಹಲಗಿ ಆಕಿಗೆ ತೋರಿಸಿಲ್ಲ ಮತ್ತ, ಹೇಳಬ್ಯಾಡ."

ಅವರು ಹೋದ ಮೇಲೆ ಹಲಗೆಯ ಮೇಲೆ ಪೌಡರು ಉದುರಿಸಿ, ಗೆರೆಗಳು ಎದ್ದು ಕಾಣುವಂತೆ ಮಾಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಗೆಳೆಯರಿಗೆ ಕಳಿಸಿದೆ. ನಡುಗುವ ಕೈಯಲ್ಲಿ ಮಾಸ್ತರು ಎಂಥ ಕೆಲಸ ಮಾಡಿದ್ದಾರೆ ನೋಡ್ರಿ ಅಂತ. ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಎರಡೂ ಕಣ್ಣು ಒಂದೇ ಸಮ, ಅಗಲವಾಗಿ ತೆರೆದಿವೆ. ಇದನ್ನು ನೆನಪಿಡಿ.

ಇಲ್ಲಿಂದ ಮುಂದಿನದು ಪೂರ್ತಿ ನನ್ನ ತಪ್ಪು. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅಚ್ಚು ತೆಗೆಯಲು ಕೂತೆ. ಕೆತ್ತಿ ತೆಗೆದ ಜಾಗದಲ್ಲಿ ಸಣ್ಣ ಏಣುಗಳು ಉಳಿದಿರುತ್ತವೆ, ಅವಕ್ಕೂ ಮಸಿ ತಾಗಿ ಕಾಗದದ ಮೇಲೆ ಚೂರುಪಾರು ಗೀರು ಬೀಳುತ್ತವೆ. ಮಾಸ್ತರ ಹಲಗೆಯಲ್ಲಿ ಬಲಗಣ್ಣಿನ ಪಕ್ಕ, ಕಪಾಳದ ಹತ್ತಿರ, ಅಂಥವು ನಾಲ್ಕೈದು ಇದ್ದವು. ಕೆಲವರು ಅವನ್ನು ಬೇಕೆಂದೇ ಬಿಡುತ್ತಾರೆ. ಮಾಸ್ತರು ಬೇಕೆಂದು ಬಿಟ್ಟಿದ್ದರೋ ಕೈಲಾಗದೆ ಬಿಟ್ಟಿದ್ದರೋ, ಒಂದು ಫೋನ್ ಮಾಡಿ ಕೇಳಬಹುದಿತ್ತು. ನಾನು ಕೇಳಲಿಲ್ಲ. ಕಲಿಸಿದವರಿಗಿಂತ ಕಲಿತವನ ಕೈ ಈಗ ಚೊಕ್ಕ ಅನ್ನುವ ಸೊಕ್ಕು ಒಳಗೆಲ್ಲೋ ಇತ್ತು. ಹಲಗೆಯನ್ನು ಮೇಜಿಗೆ ಬಿಗಿಯದೆ ತೊಡೆಯ ಮೇಲಿಟ್ಟುಕೊಂಡು ಉಳಿ ಹಚ್ಚಿದೆ. ಮಕ್ಕಳಿಗೆ ಕಲಿಸುವಾಗ ಹೀಗೆ ಮಾಡಬೇಡಿ ಅಂತ ನಾನೇ ಬೈಯುತ್ತೇನೆ.

ಮೂರನೆಯ ಏಣು ತೆಗೆಯುವಾಗ ಹಲಗೆ ಜಾರಿತು. ಉಳಿ ಕಪಾಳದಿಂದ ಹೊರಟು ಬಲಗಣ್ಣನ್ನು ಪೂರ್ತಿ ಕಿತ್ತುಕೊಂಡು ಮೂಗಿನ ಬುಡಕ್ಕೆ ಬಂದು ನಿಂತಿತು. ಕಡಲೆಕಾಳು ಕೂಡುವಷ್ಟು ಅಗಲ, ಅಷ್ಟೇ ಆಳ. ಕಣ್ಣಿದ್ದ ಕಟ್ಟಿಗೆ ಸುರುಳಿಯಾಗಿ ನನ್ನ ಧೋತರದ ಮೇಲೆ ಬಿತ್ತು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಹಳ್ಳಕ್ಕೆ ಮರದಪುಡಿಯ ಲಪ್ಪ ತುಂಬಿ ಮತ್ತೆ ಕೆತ್ತಬಹುದಿತ್ತು, ಆದರೆ ಯಾರ ಕಣ್ಣು ಕೆತ್ತಲಿ? ನಾನು ಗೌರವ್ವನನ್ನು ನೋಡಿದವನಲ್ಲ, ಮೊಬೈಲಿನ ಫೋಟೊ ನೋಡಿ ಕೆತ್ತಿದರೂ ಅದು ನನ್ನ ಗೆರೆಯೇ. ನಾನು ಕೆತ್ತಿದ ಕಣ್ಣನ್ನು ಸುಮಂಗಲಾ ತನ್ನ ತಾಯಿಯದು ಅಂತ ನಂಬಿ ಜೀವಮಾನವೆಲ್ಲ ನೋಡಬೇಕಾಗುತ್ತಿತ್ತು. ಮಾಸ್ತರಿಂದ ಇನ್ನೊಂದು ಮುಖ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಲೋಕದಲ್ಲಿ ಆಕೆಯ ಮುಖ ಇದ್ದದ್ದು ಆ ಒಂದು ಹಲಗೆಯಲ್ಲಿ. ಅದನ್ನು ನಾನು ಕಡಿದಿದ್ದೆ.

ಕೊನೆಗೆ, ಹಾನಿ ಎಷ್ಟಾಗಿದೆ ನೋಡೋಣ ಅಂತ ಮಸಿ ಹಚ್ಚಿದೆ. ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕತೊಡಗಿದೆ. ನಮ್ಮಲ್ಲಿ ಯಂತ್ರವಿಲ್ಲ, ಚಮಚವೇ ಯಂತ್ರ. ಕಾಗದದ ಕೆಳಗೆ ಹಳ್ಳ ಇದ್ದರೆ ಚಮಚ ಕೊಂಚ ಇಳಿಯುತ್ತದೆ, ಅದು ಬೆರಳಿಗೆ ತಿಳಿಯುತ್ತದೆ. ಹಣೆಯ ಮೇಲೆ ತಿಕ್ಕಿದೆ, ಸೆರಗಿನ ಮೇಲೆ ತಿಕ್ಕಿದೆ. ಬಲಗಣ್ಣಿನ ಜಾಗಕ್ಕೆ ಬಂದಾಗ ಚಮಚ ಇಳಿಯುತ್ತದೆ ಅಂತ ಮೈ ಬಿಗಿಮಾಡಿಕೊಂಡೆ. ಇಳಿಯಲಿಲ್ಲ. ಹಿಂದೆ ಮುಂದೆ ಎರಡು ಸಲ ಆಡಿಸಿದೆ. ಕೆಳಗೆ ಗಟ್ಟಿ ಇತ್ತು.

ಪಡಸಾಲೆಯಲ್ಲಿ ನಾನೊಬ್ಬನೇ. ಬಾಗಿಲು ತೆರೆದಿತ್ತು, ಹೊರಗೆ ಚುರುಗುಟ್ಟುವ ಬಿಸಿಲು, ಯಾರೋ ಟ್ರ್ಯಾಕ್ಟರಿನಲ್ಲಿ ಕಡಲೆಗಿಡ ಹೇರಿಕೊಂಡು ಹೋದರು. ಹೆದರುವಂಥ ಹೊತ್ತೇ ಅಲ್ಲ ಅದು. ಆದರೂ ಕಾಗದದ ಮೂಲೆ ಹಿಡಿದು ಎತ್ತಲು ನನ್ನ ಕೈ ಮುಂದಾಗಲಿಲ್ಲ. ಮೆಲ್ಲಗೆ ಎತ್ತಿದೆ. ಮುಖ ಪೂರ್ತಿ ಬಂದಿತ್ತು. ಬಿಳಿ ಗಾಯ ಇರಲಿಲ್ಲ. ಬಲಗಣ್ಣು ಇತ್ತು. ಆದರೆ ಅದು ಹಲಗೆಯಲ್ಲಿ ಇದ್ದ ಕಣ್ಣಲ್ಲ. ಮೇಲಿನ ರೆಪ್ಪೆ ಅರ್ಧ ಇಳಿದಿತ್ತು, ಅದರ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಆ ಇಳಿದ ರೆಪ್ಪೆಯ ಕೆಳಗಿನಿಂದ ಆಕೆ ನನ್ನನ್ನೇ ನೋಡುತ್ತಿದ್ದಳು.

ಹಲಗೆಯನ್ನು ನೋಡಿದೆ. ಉಳಿ ಕಿತ್ತ ಹಳ್ಳ ಹಾಗೇ ಇತ್ತು, ಒಳಗೆ ಒಂದು ಹನಿ ಮಸಿಯಿಲ್ಲ, ಹಸಿ ಕಟ್ಟಿಗೆ ಬೆಳ್ಳಗೆ ಕಾಣುತ್ತಿತ್ತು. ಬೆರಳಿಟ್ಟೆ, ಬೆರಳು ಇಳಿಯಿತು. ಮತ್ತೆ ಮಸಿ ಹಚ್ಚಿ ಎರಡನೆಯ ಅಚ್ಚು ತೆಗೆದೆ. ಈ ಸಲ ಚಮಚ ಇಳಿಯಿತು. ಕಣ್ಣಿನ ಜಾಗದಲ್ಲಿ ಬರೀ ಬಿಳಿ ಗೀರು. ಮೂರನೆಯದೂ ಹಾಗೇ. ಮುಂದೆ ತೆಗೆಯಲು ಧೈರ್ಯ ಬರಲಿಲ್ಲ.

ಮಸಿ ಹಳ್ಳದಲ್ಲಿ ತುಂಬಿಕೊಂಡಿರಬೇಕು ಅಂತ ನೀವು ಅನ್ನುತ್ತೀರಿ. ತುಂಬಿದ್ದರೆ ಕಪ್ಪು ಕಲೆ ಬೀಳುತ್ತಿತ್ತು, ರೆಪ್ಪೆಗೂದಲು ಬೀಳುತ್ತಿರಲಿಲ್ಲ. ಗಾಬರಿಯಲ್ಲಿ ನಾನೇ ಕುಂಚದಿಂದ ತಿದ್ದಿ ಮರೆತೆನೋ ಅಂತಲೂ ಯೋಚಿಸಿದ್ದೇನೆ. ಆದರೆ ತಿಕ್ಕಿದ ಅಚ್ಚು ಕಾಗದದ ಬೆನ್ನಿಗೂ ಒತ್ತಿನ ಗುರುತು ಬಿಡುತ್ತದೆ. ಆ ಕಣ್ಣು ಹಿಂದಿನಿಂದ ಮುಟ್ಟಿದರೂ ತಿಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಮಾಡಿದ್ದು ಹೇಡಿಯ ಕೆಲಸ. ಕೆಟ್ಟ ಅಚ್ಚುಗಳನ್ನು ಮನೆಯಲ್ಲೇ ಬಿಟ್ಟೆ. ಹಲಗೆಯನ್ನು ಚೀಲದಲ್ಲಿ ಹಾಕಿ ಗ್ಯಾಲರಿಯ ಮೂಲೆಯಲ್ಲಿ ಅಡಗಿಸಿದೆ. ಚೆನ್ನಾಗಿ ಬಂದದ್ದನ್ನು ತಂತಿಗೆ ಕ್ಲಿಪ್ಪು ಹಾಕಿ ತೂಗಿಬಿಟ್ಟೆ. ಒಂದೇ ಬಂತು, ಉಳಿದವು ಕಾಗದದ ದೋಷದಿಂದ ಕೆಟ್ಟವು ಅಂತ ಹೇಳುವುದು ಅಂತ ಮನಸ್ಸಿನಲ್ಲಿ ಪಾಠ ಮಾಡಿಕೊಂಡೆ.

ಬಾಗಿಲು ತೆರೆಯುವ ಮೊದಲೇ ಮಾಸ್ತರು ಬಂದರು. ಮಗಳು ಅವರನ್ನು ಇಳಿಸಿ ಸ್ಕೂಟಿಯನ್ನು ನೆರಳಿಗೆ ಹಚ್ಚಲು ಹೋದಳು. ಮಾಸ್ತರು ಚಿತ್ರದ ಮುಂದೆ ನಿಂತರು. ಮಾತಿಲ್ಲ. ಮೆಚ್ಚಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ತಿರುಗಿದರು.

"ಈ ಕಣ್ಣು ಯಾರು ಕೆತ್ತಿದ್ರು?"

ನಾನು ಕಲಿತ ಪಾಠ ಮರೆತುಹೋಯಿತು.

"ಖರೇ ಹೇಳಲೇ. ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ ಸರ್. ನನ್ನ ಕೈ ಜಾರಿ ಹಲಗಿ ಕೆಟ್ಟತ್ರಿ," ಅಂದೆ. ಚೀಲದಿಂದ ಹಲಗೆ ತೆಗೆದು ಅವರ ಕೈಗಿಟ್ಟೆ. ಎಲ್ಲ ಹೇಳಿದೆ, ಚಮಚ ಇಳಿಯದೆ ಇದ್ದದ್ದನ್ನೂ. ಅವರು ಹೆಬ್ಬೆರಳಿನಿಂದ ಆ ಗಾಯವನ್ನು ಸವರುತ್ತಲೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸಣ್ಣಾಕಿದ್ದಾಗ ಜ್ವಾಳ ಕೊಯ್ಯೂ ಮುಂದ ಒಣಗಿದ ರವದಿ ಎಲಿ ಬಡದು ಆಕಿ ರೆಪ್ಪಿ ಹರದಿತ್ತು," ಅಂದರು ಸಣ್ಣ ದನಿಯಲ್ಲಿ. "ಹಂಗ ಇಳದ ಉಳೀತು. ಅದಕ್ಕ ಫೋಟೊಕ್ಕ ಕುಂಡ್ರಲಿಲ್ಲ ಒಂದಿನಾನೂ. ನಾ ಚಿತ್ರ ಬರೀತೀನಿ ಅಂದ್ರ, ಬರದ್ರ ಆ ಕಣ್ಣು ಛಂದ ಮಾಡಿ ಬರೀರಿ ಅಂತಿದ್ಲು. ಮಾತು ಕೊಟ್ಟಿದ್ದೆ. ಅದಕ್ಕ ಛಂದ ಮಾಡಿ ಕೆತ್ತಿದ್ದೆ. ಈ ಕಚ್ಚು ಕಂಡಾವ ನಾ ಒಬ್ಬನ ಉಳದೀನಿ ಈಗ."

ಹೊರಗೆ ಸುಮಂಗಲಾ ಯಾರೊಂದಿಗೋ ಮಾತು ಮುಗಿಸಿ ಬರುವ ಸಪ್ಪಳ ಕೇಳಿತು. "ತಗದುಬಿಡ್ಲಾ ಸರ್?" ಅಂದೆ. ಅವರು ತಂತಿಯ ಕಡೆ ಕೈ ಎತ್ತಿದರು, ಕೈ ಗಾಳಿಯಲ್ಲೇ ನಡುಗುತ್ತ ನಿಂತಿತು. ಹೆಂಡತಿಗೆ ಕೊಟ್ಟ ಮಾತು ಒಂದು ಕಡೆ, ಮಗಳು ಒಂದು ಕಡೆ. ಅಷ್ಟರಲ್ಲಿ ಆಕೆ ಒಳಗೆ ಬಂದಿದ್ದಳು.

ಸುಮಂಗಲಾ ಚಿತ್ರದ ಹತ್ತಿರ ಬಂದಳು. ಯಾರ ಮುಖ ಅಂತ ಕೇಳದೆಯೇ ತಿಳಿಯಿತು ಆಕೆಗೆ. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಹಿರಿಯರ ಮುಂದೆ ನಿಂತ ಹಾಗೆ.

"ಅಪ್ಪಾ, ಅವ್ವ ಹಿಂಗ ಇದ್ಲಾ?"

ಮಾಸ್ತರು ಚಿತ್ರದ ಕಡೆ ತಿರುಗಿದರು. ಇಲ್ಲ ಅಂದರೆ ಆಕೆಗೆ ತಾಯಿಯ ಮುಖವೇ ಇಲ್ಲ.

"ಹೌದವಾ," ಅಂದರು. "ಅಗದಿ ಹಿಂಗ ಇದ್ಲು."

ಅಚ್ಚಿನ ಕೆಳಗೆ ಪೆನ್ಸಿಲ್ಲಿನಿಂದ ಬರೆಯುವ ರೂಢಿ ನಮ್ಮಲ್ಲಿದೆ. ಎಡಕ್ಕೆ ಎಷ್ಟನೆಯ ಅಚ್ಚು ಅನ್ನುವುದು, ನಡುವೆ ಚಿತ್ರದ ಹೆಸರು, ಬಲಗಡೆ ಮೂಲೆಯಲ್ಲಿ ಮಾಡಿದವರ ಸಹಿ. ಸಹಿ ಇಲ್ಲದ್ದನ್ನು ಜನರಿಗೆ ತೋರಿಸುವುದಿಲ್ಲ. ಬಾಗಿಲು ತೆರೆಯುವ ಹೊತ್ತಾಗಿತ್ತು. ಚಿತ್ರವನ್ನು ಇಳಿಸಿ ಮೇಜಿನ ಮೇಲಿಟ್ಟು ಮಾಸ್ತರಿಗೆ ಪೆನ್ಸಿಲ್ ಕೊಟ್ಟೆ. ಅವರು ಬಲಮೂಲೆಗೆ ಮೊನೆ ತಂದು, ಬರೆಯದೆ, ಪೆನ್ಸಿಲ್ಲನ್ನು ನನ್ನ ಕಡೆ ಚಾಚಿದರು.

"ಇದು ನಂದಲ್ಲಲೇ. ನೀ ಹಾಕು."

"ನಂದೂ ಅಲ್ರಿ ಸರ್."

ಸುಮಂಗಲಾಗೆ ಹಲಗೆಯ ಸಂಗತಿ ಏನೂ ಗೊತ್ತಿರಲಿಲ್ಲ. ಅಪ್ಪನ ಕೈ ನಡುಗುತ್ತಿದೆ, ಹೆಸರು ಬರೆಯಲು ಆಗುತ್ತಿಲ್ಲ ಅಂದುಕೊಂಡಳು. "ಕೊಡ್ರಿ ಇಲ್ಲೆ, ನಾ ಬರೀತೀನಿ," ಅಂತ ಪೆನ್ಸಿಲ್ ಇಸಿದುಕೊಂಡಳು. ಅಪ್ಪನ ಕಸುಬಿನ ಕಡೆ ಎಂದೂ ತಲೆಹಾಕದ ಆಕೆಗೆ ಯಾವ ಮೂಲೆ ಯಾವುದಕ್ಕೆ ಅನ್ನುವುದು ತಿಳಿಯದು. ಮಾಸ್ತರು ಮೊನೆ ಇಟ್ಟಿದ್ದ ಬಲಮೂಲೆಯಲ್ಲೇ, ಅಂಗನವಾಡಿಯ ಮಕ್ಕಳಿಗೆ ತಿದ್ದಿಸುವ ದುಂಡು ಅಕ್ಷರದಲ್ಲಿ, ತಾಯಿಯ ಹೆಸರು ಬರೆದಳು. ಗೌರವ್ವ.

ಅದು ಮಾಡಿದವರ ಜಾಗ ಅಂತ ಹೇಳಲು ನಾನು ಬಾಯಿ ತೆರೆದೆ. ಮಾಸ್ತರು ನನ್ನ ಮುಖ ನೋಡಿದರು. ಮೇಜಿನ ಮೇಲೆ ರಬ್ಬರ್ ಇತ್ತು, ಇಬ್ಬರೂ ಮುಟ್ಟಲಿಲ್ಲ.

ಆ ಅಚ್ಚು ಈಗ ಸುಮಂಗಲಾಳ ಮನೆಯಲ್ಲಿದೆ. ಹಲಗೆ ನನ್ನ ಹತ್ತಿರ. ಆಮೇಲೆ ಮಾಸ್ತರೇ ಒಂದು ದಿನ ಮುಂದೆ ಕೂತು ಮತ್ತೆರಡು ಅಚ್ಚು ತೆಗೆಸಿದರು, ಎರಡರಲ್ಲೂ ಬಿಳಿ ಗೀರೇ. ಕಟ್ಟೆಯ ಮೇಲೆ ದೆವ್ವದ ಸುದ್ದಿ ಬಂದರೆ ನಾನು ಈಗ ಎದ್ದು ಹೋಗುತ್ತೇನೆ, ಅಷ್ಟೇ ಬದಲಾದದ್ದು. ಏನಾಯಿತು ಅನ್ನುವುದು ಅವತ್ತಿನಷ್ಟೇ ಇವತ್ತೂ ತಿಳಿಯದು.

ಪ್ರದರ್ಶನದ ಮೂರೂ ದಿನ ಬಂದವರು ಮೂಲೆಯ ಸಹಿ ಓದಿ, "ಗೌರವ್ವ ಅಂದ್ರ ಯಾವೂರಿನ ಕಲಾವಿದರ್ರಿ?" ಅಂತ ಕೇಳುತ್ತಿದ್ದರು. ಮಾಸ್ತರು ಕುರ್ಚಿಯಿಂದ ಏಳದೆ, "ಯರಗುಪ್ಪಿಯಾಕಿರಿ," ಅನ್ನುತ್ತಿದ್ದರು. ಅದು ಸುಳ್ಳು ಅನ್ನಲು ಆಗ ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ.